ಇನಿಷಿಯಲ್ ಬಿಡಬ್ಯಾಡ್ರಿ

ಜಗತ್ ಸರ್ಕಲ್ಲಿನ ಹಿಂದೆ, ಝೆರಾಕ್ಸ್ ಅಂಗಡಿಯ ಮೇಲೆ
ಎರಡನೇ ಮಹಡಿಯಲ್ಲಿ ನಮ್ಮ ಕಲಬುರಗಿ ಆವೃತ್ತಿ.
ಏಳು ಜನ, ಆರು ಕುರ್ಚಿ.
ಒಬ್ಬರು ಯಾವಾಗಲೂ ಚಹಾಕ್ಕೆ ಹೋಗಿರುತ್ತಾರೆಂಬ ಲೆಕ್ಕ.

ಮೇಲ್ ಬಂದದ್ದು ಮಧ್ಯಾಹ್ನ ಮೂರೂ ಹತ್ತಕ್ಕೆ,
ಡಾಂಬರು ಚಪ್ಪಲಿಗೆ ಅಂಟುವ ಹೊತ್ತು.
'ಪ್ರಿಯ ಜಗದೀಶ್' ಎಂದಿತ್ತು.
ನಾನು ಜಗದೇವಿ.
ಹದಿನಾಲ್ಕು ವರುಷ ಕ್ರೀಡಾಪುಟ ಕಟ್ಟಿದವಳು,
ಒಂದಕ್ಷರ ತಪ್ಪಿದ್ದಕ್ಕೆ ಮರುದಿನ
ಎರಡು ಸಾಲಿನ ತಿದ್ದುಪಡಿ ಹಾಕಿದವಳು.

ಮೈನುದ್ದೀನ್ ತನ್ನದನ್ನು ಓದಿ ಜೋರಾಗಿ ನಕ್ಕ:
"ನನ್ನ ಹೆಸರು ಬರೋಬ್ಬರಿ ಅದ ನೋಡ್ರಿ ಮೇಡಂ.
ಬಾಕಿದೇ ತಪ್ಪು."

ಡ್ರೈವರ್ ದೇವಿಂದ್ರಪ್ಪನಿಗೆ ಮೇಲ್ ಐಡಿಯೇ ಇಲ್ಲ.
ಅವನನ್ನು ತೆಗೆದದ್ದನ್ನು ಅವನಿಗೆ ನಾನೇ ಓದಿ ಹೇಳಿದೆ.
ಕೀಲಿ ಕೈಯಲ್ಲಿ ಹಿಡಿದೇ ಕೇಳಿದ:
"ಗಾಡ್ಯಾಗ ಅರ್ಧ ಟ್ಯಾಂಕ್ ಡೀಸೆಲ್ ಅದಲ್ರಿ,
ಅದಕೇನ್ ಮಾಡ್ಲಿ?"

ಸಂಜೆ ಕೆಳಗಿಳಿದು ಸುಸಲಾ-ಮಿರ್ಚಿ ಅಂಗಡಿಯಲ್ಲಿ ಕೂತೆವು.
ಟೀವಿಯಲ್ಲಿ ಪಂದ್ಯ. ನಮ್ಮದೇ ಕಂಪನಿಯ ಇನ್ನೊಂದು ಚಾನೆಲ್.
ಹಕ್ಕು ಖರೀದಿ ಮಾಡಿದ್ದಾರಂತೆ.
ಹಕ್ಕು ಅನ್ನೋದು ಕೇಳಿ ಪಡೆಯೋದು,
ಇಲ್ಲಾ ಜಗಳ ಮಾಡಿ ಪಡೆಯೋದು ಅಂತಿದ್ದ ದೇವಿಂದ್ರಪ್ಪ.
ಸಂತೆಯಲ್ಲಿ ಸಿಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮಿರ್ಚಿಯ ಎಣ್ಣೆ ಕುಡಿದ ಹಳೆಯ ಪುಟ,
ಅದೂ ನಾನೇ ಕಟ್ಟಿದ್ದು.
ಅದರ ಅಂಚಿನಲ್ಲಿ ಮೈನುದ್ದೀನ್ ಹಿಸಾಬ್ ಹಚ್ಚಿದ:
"ಒಂದು ಚೆಂಡಿಗಿ ಐವತ್ತು ಲಕ್ಷ.
ನಮ್ಮ ಏಳೂ ಮಂದಿ ಪಗಾರ ತಿಂಗಳಿಗಿ
ಒಂದು ಲಕ್ಷ ಮೂವತ್ತೆಂಟು ಸಾವಿರ.
ಅಂದ್ರ ಒಂದು ಚೆಂಡು ಅಂದ್ರ
ನಾವು, ಎಲ್ಲಾರೂ, ಮೂರು ವರ್ಷ.
ಮ್ಯಾಲ ಮೂವತ್ತೆರಡು ಸಾವಿರ ಉಳೀತದ, ಚಹಾಕ್ಕ."

ಬೌಲರ್ ಓಡಿ ಬಂದ.
ಬ್ಯಾಟು ಎತ್ತಿದವನು ಆಡದೆ ಬಿಟ್ಟ,
ಚೆಂಡು ಕೀಪರಿನ ಕೈಗೆ. ಮೂರು ವರುಷ.
ಅಂಗಡಿಯಲ್ಲಿ ಯಾರೂ ಏನೂ ಅನ್ನಲಿಲ್ಲ.
ಮತ್ತೊಂದು, ಪ್ಯಾಡಿಗೆ ತಾಗಿ ಕಾಲ ಬುಡದಲ್ಲೇ ಸತ್ತಿತು.
ಆಮೇಲೊಂದು ವೈಡ್.
"ಇದು ಪುಕ್ಕಟೆ!" ಮೈನುದ್ದೀನ್ ಚಪ್ಪಾಳೆ ತಟ್ಟಿದ.
ಲೆಕ್ಕದಲ್ಲಿಲ್ಲದ ಚೆಂಡು,
ಯಾರೂ ರೊಕ್ಕ ಕೊಡದ ಮೂರು ವರುಷ.
ಅಷ್ಟರಲ್ಲಿ ನನ್ನ ಮಗಳ ಪಿಯುಸಿ ಮುಗಿದು
ಇನ್ನೂ ಒಂದು ವರುಷ ಮಿಗುತ್ತಿತ್ತು.

ಸುಳ್ಳು ಹೇಳಲಾರೆ,
ಓವರಿನ ಕೊನೆಯ ಸಿಕ್ಸರಿಗೆ
ತಟ್ಟೆ ಹಿಡಿದುಕೊಂಡೇ ನಾನೂ ಎದ್ದು ನಿಂತೆ.

ಆಗ ಫೋನ್.
ಜೇವರ್ಗಿಯಿಂದ ಪಿ.ಟಿ. ಮಾಸ್ತರ್ ಗುಂಡೇರಾವ್.

"ಮೇಡಂ, ಬರ್ಕೋರಿ.
ಬ್ಯಾಸಿಗಿ ಶಿಬಿರದ ಖೋ-ಖೋ ಫೈನಲ್, ಹುಡುಗೇರದು.
ನಮ್ಮವರು ಗೆದ್ದಾರ, ಮೂರು ಪಾಯಿಂಟಿಲೆ.
ಕಡೀಗಿ ಒಬ್ಬಾಕಿ ನಾಕು ನಿಮಿಷ
ಔಟಾಗಲಾರದೇ ಓಡ್ಯಾಳ್ರಿ,
ಬರಿಗಾಲಿಲೆ, ಆ ಬಿರುಕು ಬಿಟ್ಟ ಕರಿಮಣ್ಣಿನ್ಯಾಗ.
ಶರಣಮ್ಮ ಎಚ್.
ಎಸ್. ಅಲ್ರಿ, ಎಚ್.
ತಂಡದಾಗ ಇಬ್ಬರು ಶರಣಮ್ಮ ಇದ್ದಾರ.
ಇನಿಷಿಯಲ್ ಬಿಡಬ್ಯಾಡ್ರಿ.
ಹ್ವಾದ ಸಲ ಬದಲಾಗಿ ಪಾಪ, ಪೇಪರ್ ಹಿಡಕೊಂಡು ಅತ್ತಳು."

ಹೋದ ಸಲ ಬಿಟ್ಟವಳು ನಾನೇ.

ಹೇಳಬೇಕಿತ್ತು: ಮಾಸ್ತರ್, ಪುಟವೇ ಇಲ್ಲ ಇನ್ನು,
ನಾಳೆ ಅಲ್ಲೊಂದು ಜಾಹೀರಾತು,
ಇದೇ ಪಂದ್ಯದ್ದು, ಪೂರ್ತಿ ಎಂಟು ಕಾಲಮ್ಮು.
ಮೈನುದ್ದೀನನ ಕೈಯಿಂದ ಪೆನ್ನು ಕಿತ್ತುಕೊಂಡೆ.
ಐವತ್ತು ಲಕ್ಷದ ಕೆಳಗೆ
ಎಣ್ಣೆ ಇಳಿಯದ ಒಂದಿಷ್ಟು ಜಾಗವಿತ್ತು.
ಶರಣಮ್ಮ ಎಚ್., ಬರೆದೆ. ನಾಕು ನಿಮಿಷ.
ಚುಕ್ಕೆಯನ್ನು ಎರಡು ಸಲ ಒತ್ತಿದೆ.

"ನಾಳಿಗಿ ಬರ್ತದಲ್ರಿ?"

ಅಂಗಡಿ ತುಂಬ ಗದ್ದಲ, ಮತ್ತೊಂದು ಸಿಕ್ಸರ್ ಇರಬೇಕು.
"ಏನ್ರಿ? ಕೇಳಸಲಿಲ್ಲ," ಅಂದೆ.
ಕೇಳಿಸಿತ್ತು.
"ಉಳದ ಹನ್ನೊಂದು ಹೆಸರು ಹೇಳ್ರಿ," ಅಂದೆ,
"ಸಾವಕಾಶ."