ಒಡಕಿನ ನೀರು

ಹಾಲು ಒಡೆದರೆ ಆ ದಿನ ಹೊಸಿಲು ದಾಟಬೇಡ ಅನ್ನುವ ಮನೆಗೆ
ಸೊಸೆಯಾಗಿ ಬಂದವಳು ನಾನು.
ಈಗ ಮದ್ದೂರಿನಾಚೆಯ ಚೀಸ್ ಫ್ಯಾಕ್ಟರಿಯಲ್ಲಿ
ಒಡೆಸುವುದಕ್ಕೇ ಸಂಬಳ,
ರಾತ್ರಿ ಪಾಳಿಗೆ ಅರವತ್ತು ರೂಪಾಯಿ ಜಾಸ್ತಿ.

ಐದು ಸಾವಿರ ಲೀಟರಿನ ತೊಟ್ಟಿಗೆ
ಒಂದು ಚೊಂಬು ಹೆಪ್ಪಿನ ರಸ.
ಮುಕ್ಕಾಲು ಗಂಟೆ ಯಾರೂ ಮುಟ್ಟುವಂತಿಲ್ಲ.
ಆಮೇಲೆ ತಂತಿಯ ಬಾಚಣಿಗೆ ಹಾಯಿಸಿದರೆ
ಬೆಳ್ಳಗಿನದು ತಳದಲ್ಲಿ ಕೂತು
ಮಿಕ್ಕಿದ್ದು ತಿಳಿಹಸಿರು,
ಬಾಯಿಗಿಟ್ಟರೆ ಸಿಹಿಯೂ ಅಲ್ಲ, ಉಪ್ಪೂ ಅಲ್ಲ.

ಮೊದಮೊದಲು ಅದು ಮೋರಿಗೆ, ಮೋರಿಯಿಂದ ಹಳ್ಳಕ್ಕೆ.
ಹಳ್ಳ ನೊರೆಗಟ್ಟಿ, ನಾತ ಹೊಡೆದು
ಊರವರು ಗೇಟಿನ ಮುಂದೆ ಕೂತರು.
ನಮ್ಮತ್ತೆ ಹೊನ್ನಾಜಮ್ಮ ಮಾತ್ರ ಕ್ಯಾನು ಹಿಡಿದು ನಿಂತಿದ್ದರು:
"ಯಾಕ್ರಪ್ಪ ಚೆಲ್ತೀರ, ಸಾರಿಗಾಯ್ತದೆ ಕೊಡಿ."

ಮರುವರ್ಷ ಜರಡಿ ಬಂತು.
ಜರಡಿ ಅಂದರೆ ಕಣ್ಣಿಗೆ ಕಾಣದ ತೂತಿನದು,
ಸ್ಟೀಲಿನ ಕೊಳವೆಯೊಳಗೆ ಸುತ್ತಿಟ್ಟ ಹಾಳೆ.
ಸಕ್ಕರೆ ನುಸುಳುತ್ತದೆ, ಉಪ್ಪು ನುಸುಳುತ್ತದೆ,
ನೀರಂತೂ ನೀರೇ.
"ನುಸುಳಲಾರದ್ದು ಉಳೀತದಲ್ಲ ಅಕ್ಕ, ಅದಕ್ಕೇ ಬೆಲೆ"
ಅಂದ ಲ್ಯಾಬಿನ ನಯಾಜ್, ಗಾಜಿನ ನಳಿಗೆ ಬೆಳಕಿಗೆ ಹಿಡಿದು.

ಆಮೇಲೆ ಗೋಪುರ, ಮೂರು ಮಹಡಿ ಎತ್ತರ.
ಮೇಲಿಂದ ಮಂಜಾಗಿ ಸಿಡಿದದ್ದು
ಬಿಸಿಗಾಳಿಯಲ್ಲಿ, ತಳ ಮುಟ್ಟುವ ಮೊದಲೇ, ಪುಡಿ.
ನಾನು ಅದರ ಬುಡದಲ್ಲಿ ಚೀಲದ ಬಾಯಿ ಹಿಡಿಯುವವಳು.
ರೆಪ್ಪೆಯೆಲ್ಲ ಬಿಳಿ.
ಮೊದಲ ದಿನ ಮನೆಗೆ ಹೋದಾಗ ಮಗಳು
"ಅಮ್ಮ, ಮುದುಕಿ ಆಗ್ಬಿಟ್ಟೆ" ಅಂದಳು.
ನೂರು ಲೀಟರಿಗೆ ಮುಕ್ಕಾಲು ಕೆಜಿ ಬಂದರೆ ಹೆಚ್ಚು.
ಮಿಕ್ಕ ನೀರನ್ನು ಓಡಿಸಲಿಕ್ಕೆ
ರಾತ್ರಿಯಿಡೀ ಕರೆಂಟು, ಬಾಯ್ಲರು, ನಾವು ಆರು ಜನ.

ಹೊನ್ನಾಜಮ್ಮನ ಕ್ಯಾನಿಗೆ ಈಗ
ಸೆಕ್ಯೂರಿಟಿಯವನು ಕೈ ಅಡ್ಡ ಇಡುತ್ತಾನೆ.

ಮೈದುನ ನಿಂಗರಾಜು ಮಂಡ್ಯದ ಜಿಮ್ಮಿಗೆ ಹೋಗುತ್ತಾನೆ.
ಮೂರು ಸಾವಿರದ ಡಬ್ಬ, ಚಾಕೊಲೇಟ್ ವಾಸನೆ.
ಬೆಳಿಗ್ಗೆ ನಾನು ಚಪ್ಪಲಿ ಬಿಡುವ ಹೊತ್ತಿಗೆ
ಒಂದು ಚಮಚ ಪುಡಿ, ಮೇಲೆ ಒಂದು ಲೋಟ ನೀರು,
ಮುಚ್ಚಳ ಬಿಗಿದು ಗಡಗಡ ಅಲ್ಲಾಡಿಸುತ್ತಾನೆ.

ರಾತ್ರಿಯೆಲ್ಲ ನಾವು ತೆಗೆದ ನೀರು.

ಅತ್ತೆ ಒಂದು ದಿನ ಅವನ ಕೈಯಿಂದ ಕಿತ್ತುಕೊಂಡು
ಮೂಸಿ, ಒಂದು ಗುಟುಕು ಕುಡಿದರು.
ಏನೂ ಅನ್ನಲಿಲ್ಲ. ಸೆರಗಲ್ಲಿ ಬಾಯಿ ಒರೆಸಿಕೊಂಡು
ಕೊಟ್ಟಿಗೆಗೆ ಹೋದರು.
ಹಳೇ ಡಬ್ಬದ ಕರಿ ಚಮಚ ಅಲ್ಲೇ ಇದೆ,
ಹಸುವಿನ ಮಿನರಲ್ ಪುಡಿ ಅಳೆಯುವುದಕ್ಕೆ:
ಕೆಂದಿಗೆ ಒಂದು,
ಕರೆಯುವ ದಿನಗಳಲ್ಲಿ ಎರಡು.