ಹತ್ತರ ಮೇಲೆ

ಹೆಸರು ಕಾವೆ ಎಂದ.
'ರಿ ಎಲ್ಲಿ ಬಿಟ್ಟು ಬಂದೆ?' ಅಂದದ್ದು
ಅವನಿಗೆ ತಿಳಿಯಲಿಲ್ಲ;
ವೈರು ಬಿಡಿಸುತ್ತಿದ್ದ ಪೊನ್ನು ನಕ್ಕ.

ಸುಂಟಿಕೊಪ್ಪದಲ್ಲಿ ನನ್ನದು ಸೌಂಡ್ಸ್ ಅಂಗಡಿ.
ಮದುವೆ, ಹಾಕಿ ಪಂದ್ಯ, ಓಟಿನ ಜೀಪು,
ಡಿಸೆಂಬರಿಗೆ ಈ ಹೋಂಸ್ಟೇಗಳು.

ಇರಾನಿನ ಅಹ್ವಾಜಿನಲ್ಲಿ ಹುಟ್ಟಿದ್ದಂತೆ.
ಅಕ್ಕ ರಜಾಯಿಯೊಳಗೆ ಟೇಪು ಹಾಕುವಳಂತೆ,
ಬೀದಿಯಲ್ಲಿ ಬೂಟು ಸದ್ದಾದರೆ
ಇಬ್ಬರೂ ಉಸಿರಿನ ವಾಲ್ಯೂಮೂ ಇಳಿಸುವರಂತೆ.
ಗಡಿ ದಾಟಿಸಿದ್ದು ಒಂದು ಹೇಸರಗತ್ತೆ.
ಸ್ವೀಡನ್ನಿನಲ್ಲಿ ಹಗಲು ತೊಳೆಯುವ ತಟ್ಟೆ,
ರಾತ್ರಿ ತಿರುಗುವ ತಟ್ಟೆ.
ಮೊದಲನೆಯದು ಮುನ್ನೂರು ಒತ್ತಿಸಿ
ನಲವತ್ತು ಮಾರಿದ.
ಏಳನೆಯದು ಹೇಗೋ ಹತ್ತಿಕೊಂಡಿತು,
ಆರು ವರ್ಷ ವಿಮಾನದಲ್ಲೇ ನಿದ್ದೆ.
ಈಗ ಐವತ್ತಮೂರು. ಎಡಗಿವಿ ಅರ್ಧ ಹೋಗಿದೆ.
ಕೊಟ್ಟಷ್ಟಕ್ಕೆ ಒಪ್ಪಿ ಬಂದಿದ್ದಾನೆ.

ಧಮ್ ಧಮ್ ಧಮ್ ಧಮ್,
ಪಲ್ಲವಿಯಿಲ್ಲ, ಮುಕ್ತಾಯವಿಲ್ಲ.
'ನಮ್ಮ ವಾಲಗವೇ ವಾಸಿ' ಪೊನ್ನು ಗೊಣಗಿದ.
ಕಾಲು ಮಾತ್ರ ನಿಲ್ಲಲಿಲ್ಲ.

ಹತ್ತಕ್ಕೆ ಸರಿಯಾಗಿ ಪೊಲೀಸ್ ಜೀಪು.
'ರೂಲ್ಸು' ಎಂದರು ಬೋಪಯ್ಯ, ಸಂಕೋಚದಿಂದಲೇ.
ನಾನು ಬಾಯಿ ತೆರೆಯುವ ಮೊದಲು
ಅವನೇ ಗುಂಡಿ ಒತ್ತಿ
ಎರಡೂ ಕೈ ಮೇಜಿನ ಮೇಲೆ, ಕಾಣುವಂತೆ, ಇಟ್ಟ.
ಹಳೆಯ ಅಭ್ಯಾಸ.

ಕುಣಿಯುತ್ತಿದ್ದವರು ಕೋಣೆ ಸೇರಿದರು.
ಕೆಳಗೆ ಕಣದ ಪಕ್ಕ ಪಲ್ಪರ್ ಓಡುತ್ತಲೇ ಇತ್ತು.
ಇವತ್ತು ಕೊಯ್ದ ಹಣ್ಣು ಇವತ್ತೇ ಮುಗಿಯಬೇಕು,
ಅದನ್ನು ಯಾವ ಜೀಪೂ ನಿಲ್ಲಿಸುವುದಿಲ್ಲ.

ಕಾವೆ ಬಲಗಿವಿಯನ್ನು ಅತ್ತ ತಿರುಗಿಸಿದ.
ಬೆರಳು ಮೇಜು ಮುಟ್ಟಿತು:
ಒಂದು, ಎರಡು, ಮೂರು, ನಾಲ್ಕು.
ಸುತ್ತುತ್ತಿದ್ದ ಕೇಬಲ್ ಕೆಳಗಿಟ್ಟು
ಪೊನ್ನು ಐದನೆಯದನ್ನು
ಖಾಲಿ ಡೀಸೆಲ್ ಡಬ್ಬದ ಮೇಲೆ ಹೊಡೆದ.