ಗೆರಿನ ಇಲ್ಲ ಅಂದಮ್ಯಾಲೆ

ಬಳ್ಳಾರಿ, ಕೌಲ್ ಬಜಾರಿನ ಹಿಂದಿನ ಗಲ್ಲಿ, ಮಾಳಿಗೆ ಮೇಲೆ
ಹನ್ನೊಂದು ಮಿಷನ್ನು, ಎರಡು ಫ್ಯಾನು.
ಟಂಕಾರನ ಹೊಸ ಕಂತು ಬಂದ ಮರುದಿನ
ಒಂದು ಪ್ಯಾಂಟೂ ಹೊತ್ತಿಗೆ ಸರಿಯಾಗಿ ಮುಗಿಯಲಿಲ್ಲ.

ಶುರು ಮಾಡಿದವನು ಗಾದಿಲಿಂಗ.
ಕೆಂಪು ಸೀಮೆಸುಣ್ಣದಲ್ಲಿ ಅಳತೆ ಬರೆಯುವವನು,
ನಲವತ್ತು ಪದರದ ಡೆನಿಮ್ಮಿಗೆ ಅವನದೊಂದೇ ಗೆರೆ.
"ಮೊದಲಿನ ಟಂಕಾರಗ ಮೈಸುತ್ತ ಕಪ್ಪು ಗೆರಿ ಇತ್ತಲೇ,
ಕೈಲೆ ಬರೆದಿದ್ದು, ಸ್ವಲ್ಪ ನಡುಗತಿತ್ತು,
ಉಸಿರಾಡಿದಂಗ.
ಈಗಿಂದು ನೋಡು, ಕಂಪ್ಯೂಟರಿನಾಗ ಉಬ್ಬಿಸಿ ಇಟ್ಟಾರ.
ಗೆರಿನ ಇಲ್ಲ ಅಂದಮ್ಯಾಲೆ
ಎಲ್ಲಿ ಕತ್ತರಿ ಹಾಕೋದಲೇ?"

ಓವರ್‌ಲಾಕಿನ ಹೊನ್ನೂರಸಾಬ್ ಪೆಡಲಿನಿಂದ ಕಾಲು ತೆಗೆಯಲಿಲ್ಲ.
ಅವನ ಉತ್ತರ ಮಿಷನ್ನಿನ ಸದ್ದಿನ ನಡುನಡುವೆ, ತುಂಡುತುಂಡು:
"ಹಳೇದು... ಕಾಗದದ ಗೊಂಬಿ.
ಬಿದ್ರ ಸಪ್ಪಳ ಬರತೈತಿ, ತೂಕ ಬರಂಗಿಲ್ಲ.
ಹೊಸಾದು ಕಾಲಿಟ್ರ... ನಮ್ಮನಿ ಹಲಗಿ ಮ್ಯಾಲಿನ ಲೋಟ ಅಲುಗಿತು.
ಮತ್ತ ಮೊಣಕಾಲಿನ ಕೀಲು ನೋಡಿಯೇನು?
ಧೂಳು ಕುಂತಿತ್ತು ಅಲ್ಲಿ. ಕೆಂಪು ಧೂಳು."

ಅವನ ಅಪ್ಪ ಅದಿರು ಲಾರಿ ತೊಳೆಯುತ್ತಿದ್ದ, ಸಂಡೂರಿನ ದಾರಿಯಲ್ಲಿ.
ಕೆಂಪು ಎಲ್ಲಿ ಕೂರುತ್ತದೆ, ಎಷ್ಟು ತಿಕ್ಕಿದರೂ ಎಲ್ಲಿಂದ ಹೋಗುವುದಿಲ್ಲ,
ಹೊನ್ನೂರಸಾಬನಿಗೆ ಅದು ಬರೀ ಕಾರ್ಟೂನಿನ ಮಾತಲ್ಲ.
ಗಾದಿಲಿಂಗ ಅಲ್ಲಿಗೆ ಸುಮ್ಮನಾಗಬಹುದಿತ್ತು.
ಆಗಲಿಲ್ಲ.

ಕಾಜಾ ಹಾಕುವ ಸುಂಕಮ್ಮ ತಾನೂ ಒಂದು ಎಸೆದಳು:
"ಎರಡರಾಗೂ ಅದಕ್ಕ ಕಿವೀನ ಇಲ್ಲ.
ಅಷ್ಟು ದೊಡ್ಡ ಮೈ. ಯಾರರ ಕರೆದ್ರ ಹೆಂಗ ತಿರುಗತೈತಿ?"
ಇಬ್ಬರೂ ಒಮ್ಮೆಗೇ ಅವಳ ಮೇಲೆ ಬಿದ್ದರು.

ನನ್ನನ್ನು ಯಾರೂ ಕೇಳಲಿಲ್ಲ.
ನಾನು ದಾರ ಕತ್ತರಿಸುವವಳು, ಕೊನೆಯ ಸ್ಟೂಲಿನವಳು.
ನಾನು ಕಂಡದ್ದು ಇದು:
ಹಳೆಯದರ ಒಂಬತ್ತನೇ ಕಂತಿನಲ್ಲಿ, ಸೇತುವೆ ಎತ್ತಿ ಹಿಡಿಯುವಾಗ,
ಎರಡು ಕ್ಷಣ ಅದರ ಎಡಗೈಗೆ ನಾಲ್ಕೇ ಬೆರಳು.
ಬರೆದವರಿಗೆ ನಿದ್ದೆ ಬಂದಿರಬೇಕು. ಊಟದ ಹೊತ್ತಾಗಿರಬೇಕು.
ಹೊಸದು ಬೆರಳು ಮರೆಯುವುದಿಲ್ಲ.
ಅಲ್ಲೂ ಯಾರೋ ಹಸಿದಿರುತ್ತಾರೆ,
ಗೊತ್ತಾಗುವುದಿಲ್ಲ, ಅಷ್ಟೆ.

ಮೂರೂಕಾಲಿಗೆ ಕರೆಂಟು ಹೋಯಿತು.
ಹನ್ನೊಂದು ಮಿಷನ್ನು ಒಟ್ಟಿಗೆ ನಿಂತಾಗ
ಫ್ಯಾನಿನ ರೆಕ್ಕೆ ನಿಧಾನವಾಗುವುದೂ ಕೇಳಿಸುತ್ತದೆ.
"ನಡದು ತೋರಸು ಹಂಗಾದ್ರ, ನಿನ್ನ ಹೊಸಾದು ಹೆಂಗ ನಡೀತೈತಿ."
ಎದ್ದ ಹೊನ್ನೂರಸಾಬ್. ಲುಂಗಿ ಬಿಗಿ ಮಾಡಿಕೊಂಡ.
ಕತ್ತರಿಸಿಟ್ಟ ಪ್ಯಾಂಟುಕಾಲುಗಳ ರಾಶಿಯ ನಡುವೆ ಹೆಜ್ಜೆ ಎತ್ತಿದ.
ಎತ್ತಿ, ನಿಂತ. ತಿರುಗಿ, ನಿಂತ. ಇಟ್ಟು, ನಿಂತ.
ಒಂದು ಚಿತ್ರ, ಮತ್ತೊಂದು ಚಿತ್ರ, ನಡುವೆ ಖಾಲಿ.
ಹಳೆಯ ಟಂಕಾರ! ಗಾದಿಲಿಂಗ ನೆಲದ ಮೇಲೆ ಉರುಳಿ ನಕ್ಕ.
"ಅಲ್ಲಲೇ, ಸೆಕಿ ಐತಿ, ಅದಕ್ಕ" ಅಂದವನು
ಮತ್ತೊಮ್ಮೆ ನಡೆದ. ಅದೇ.
ಏಳು ವರ್ಷದವನಿದ್ದಾಗ ಕಾಲಿಗೆ ಬಂದದ್ದು
ಕಾಲಲ್ಲೇ ಇತ್ತು.

ಕರೆಂಟು ಬಂದಾಗ ಯಾರೂ ಗೆದ್ದಿರಲಿಲ್ಲ.

ಸಂಜೆ, ಮೂವತ್ತೆರಡರ ಸೈಜಿನದೊಂದು ನನ್ನ ಮಡಿಲಿಗೆ ಬಂತು.
ಮುಂದಿನ ಜೇಬು ತಿರುವಿ ಹೊರಗೆಳೆದರೆ
ಬಿಳಿ ಅಸ್ತರಿನ ಮೇಲೆ ಸೀಮೆಸುಣ್ಣದ ಟಂಕಾರ.
ಗೆರೆ ಗಾದಿಲಿಂಗನದು, ಯಾರಿಗಾದರೂ ಗೊತ್ತಾಗುತ್ತದೆ.
ಮೊಣಕಾಲಿನ ಕೀಲಿನಲ್ಲಿ ಮಾತ್ರ
ಬೆರಳಿನಿಂದ ತೀಡಿದ ಕೆಂಪು ಮಬ್ಬು, ಜೊತೆಗೆ ಮಿಷನ್ ಎಣ್ಣೆಯ ಹೆಬ್ಬೆಟ್ಟು.
ಅದು ಅವನದಲ್ಲ.

ನಾಳೆ ವಾಷಿಂಗಿಗೆ ಹೋಗುತ್ತದೆ, ಕಲ್ಲು ಹಾಕಿ ತಿರುಗಿಸುತ್ತಾರೆ,
ಸುಣ್ಣ ಉಳಿಯುವುದಿಲ್ಲ.
ನೆತ್ತಿಯ ಹತ್ತಿರ ಒಂದು ದಾರ ಹೊರಗೆ ಚಾಚಿತ್ತು, ಕಿತ್ತಳೆ ಬಣ್ಣದ್ದು.
ದಿನಕ್ಕೆ ಎರಡು ಸಾವಿರ ಕತ್ತರಿಸುತ್ತೇನೆ ಅಂಥವನ್ನು.
ಅದೊಂದನ್ನು ಬಿಟ್ಟೆ, ಆಂಟೆನಾ ಇರಲಿ ಅಂತ.
ಸುಂಕಮ್ಮ ಕೇಳಿದ್ದಳಲ್ಲ,
ಯಾರಾದರೂ ಕರೆದರೆ ಹೇಗೆ ತಿರುಗುತ್ತದೆ ಎಂದು.